ಹಬ್ಬದ ದಿನ, ಬರಿಯ ದಿನ: ಕಾಲದ ಪಾವಿತ್ರ್ಯವನ್ನು ಕುರಿತ ಕ್ರೈಸ್ತ ಜಿಜ್ಞಾಸೆ

ಒಂದನೆಯ ಶತಮಾನದ ನಡುಭಾಗದಲ್ಲಿ ಸಂತ ಪೌಲನು ರೋಮಾಪುರದ ವಿಶ್ವಾಸಿಗಳಿಗೆ ಬರೆದ ಪತ್ರದಲ್ಲಿ, ಒಂದು ದಿನವನ್ನು ಮತ್ತೊಂದಕ್ಕಿಂತ ಶ್ರೇಷ್ಠವೆಂದು ಭಾವಿಸುವವರೂ ಎಲ್ಲ ದಿನಗಳನ್ನೂ ಸಮಾನವಾಗಿ ಕಾಣುವವರೂ ಒಂದೇ ಸಭೆಯಲ್ಲಿ ಇರಬಹುದೆಂದು ಒಪ್ಪಿಕೊಂಡು, ಇಬ್ಬರೂ ತಮ್ಮ ತಮ್ಮ ಅಂತಃಕರಣಕ್ಕೆ ನಿಷ್ಠರಾಗಿದ್ದರೆ ಸಾಕೆಂಬ ನಿಲುವನ್ನು ತಳೆದನು. ಗಲಾತ್ಯದವರಿಗೆ ಬರೆಯುವಾಗಲಾದರೋ ಅದೇ ಪೌಲನು ಅಷ್ಟು ಉದಾರನಾಗಿ ಉಳಿಯಲಿಲ್ಲ. ದಿನ, ಮಾಸ, ಋತು, ಸಂವತ್ಸರಗಳ ಆಚರಣೆಗೆ ಅವರು ಮರಳಿ ಕಟ್ಟುಬಿದ್ದುದನ್ನು ಕಂಡು ತನ್ನ ಪ್ರಯಾಸವೆಲ್ಲ ನಿಷ್ಫಲವಾಯಿತೇನೋ ಎಂದು ಮರುಗಿದನು. ಹಬ್ಬಗಳನ್ನು ಕುರಿತು ಕ್ರೈಸ್ತ ಚರಿತ್ರೆಯಲ್ಲಿ ನಡೆದ ವಾದಗಳ ಬಹುಪಾಲು ಈ ಎರಡು ಪತ್ರಗಳ ನಡುವಣ ಅಂತರದಲ್ಲಿಯೇ ನಡೆದಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಪ್ರಶ್ನೆಗೆ ಎರಡು ಮುಖಗಳುಂಟು. ವರ್ಷದಲ್ಲಿ ಕೆಲವು ದಿನಗಳನ್ನು ಪ್ರತ್ಯೇಕಿಸಿ ಪವಿತ್ರವೆಂದು ಆಚರಿಸುವುದು ಕ್ರಿಸ್ತನ ಉಪದೇಶಕ್ಕೆ ಒಪ್ಪುವುದೇ, ಒಪ್ಪುವುದಾದರೆ ಆ ದಿನಗಳಿಗೆ ಕ್ರೈಸ್ತ ಅರ್ಥವು ಬರುವುದೆಲ್ಲಿಂದ ಎಂಬುದು ಮೊದಲನೆಯದು. ಉಳಿದ ದಿನಗಳು, ಎಂದರೆ ಅನ್ನ ಬೇಯಿಸುವ, ಗದ್ದೆ ಉಳುವ, ಮಗುವನ್ನು ಮೀಯಿಸುವ, ಸಂಬಳಕ್ಕಾಗಿ ದುಡಿಯುವ ದಿನಗಳು, ದೇವರ ದೃಷ್ಟಿಯಲ್ಲಿ ಯಾವ ಬೆಲೆಯುಳ್ಳವು ಎಂಬುದು ಎರಡನೆಯದು. ವಿದ್ವಾಂಸರು ಮೊದಲನೆಯದನ್ನು ಆರಾಧನಾ ಚರಿತ್ರೆಯ ಪಾಲಿಗೂ ಎರಡನೆಯದನ್ನು ನೀತಿಶಾಸ್ತ್ರದ ಪಾಲಿಗೂ ಹಂಚಿಕೊಟ್ಟು ಬೇರೆಬೇರೆ ಗ್ರಂಥಗಳಲ್ಲಿ ಚರ್ಚಿಸುವುದು ವಾಡಿಕೆ. ಇವೆರಡೂ ಒಂದೇ ಪ್ರಶ್ನೆಯೆಂದೂ, ಹಬ್ಬದ ಅರ್ಥವನ್ನು ಅದರ ಹುಟ್ಟಿನಲ್ಲಿ ಹುಡುಕುವುದಕ್ಕಿಂತ, ಅದು ಬರಿಯ ದಿನಗಳ ದುಡಿಮೆಯೊಡನೆ ಇಟ್ಟುಕೊಂಡ ಸಂಬಂಧದಲ್ಲಿ ಹುಡುಕುವುದು ಹೆಚ್ಚು ಫಲಕಾರಿಯೆಂದೂ ನಾನು ನಂಬಿರುವುದರಿಂದ, ಇಲ್ಲಿ ಅವೆರಡನ್ನೂ ಜೊತೆಯಾಗಿಯೇ ಪರಿಶೀಲಿಸುತ್ತೇನೆ.

ಪಂಚಾಂಗವು ರೂಪುಗೊಂಡ ಬಗೆ

ಯೇಸು ತನ್ನ ಶಿಷ್ಯರಿಗೆ ಹಬ್ಬಗಳ ಪಟ್ಟಿಯೊಂದನ್ನು ಬಿಟ್ಟುಹೋಗಲಿಲ್ಲ. ಆತನ ದೃಷ್ಟಾಂತಗಳಲ್ಲಿ ಬರುವವರು ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸು, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳು, ಬೀಜ ಬಿತ್ತುವವನು, ಕೂಲಿ ಸಿಕ್ಕೀತೆಂದು ಪೇಟೆಯಲ್ಲಿ ಕಾದುನಿಂತವರು. ಆತನು ತನ್ನ ಸ್ಮರಣೆಗೆಂದು ಗೊತ್ತುಮಾಡಿದ ವಸ್ತುಗಳು ಊಟದ ಮೇಜಿನ ಮೇಲಿನ ರೊಟ್ಟಿ ಮತ್ತು ದ್ರಾಕ್ಷಾರಸ. ಆದರೆ ಆ ಊಟವು ನಡೆದುದು ಯೆಹೂದ್ಯರ ಪಸ್ಕಹಬ್ಬದ ಸಂದರ್ಭದಲ್ಲಿ. ಹೀಗೆ ಹಬ್ಬವೂ ನಿತ್ಯದ ಊಟವೂ ಮೊದಲಿನಿಂದಲೇ ಒಂದರೊಳಗೊಂದು ಹೆಣೆದುಕೊಂಡಿದ್ದುವು.

ಮೊದಲು ನೆಲೆಗೊಂಡದ್ದು ವಾರದ ಹಬ್ಬ. ಎರಡನೆಯ ಶತಮಾನದ ನಡುವಿನಲ್ಲಿ ಹುತಾತ್ಮ ಜಸ್ಟಿನನು ರೋಮಿನ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ, ಪಟ್ಟಣದವರೂ ಹಳ್ಳಿಯವರೂ ಭಾನುವಾರ ಒಂದೆಡೆ ಸೇರಿ ಗ್ರಂಥಪಠನ, ಪ್ರಾರ್ಥನೆ, ಭೋಜನಗಳನ್ನು ನಡೆಸುವುದನ್ನೂ, ಉಳ್ಳವರು ಕೊಟ್ಟುದನ್ನು ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಹಂಚುವುದನ್ನೂ ವರ್ಣಿಸಿದ್ದಾನೆ. ಆಗಿನ್ನೂ ಭಾನುವಾರವು ವಿರಾಮದ ದಿನವಾಗಿರಲಿಲ್ಲ. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಅಂದು ನ್ಯಾಯಾಲಯಗಳೂ ನಗರದ ಕಸುಬುಗಳೂ ನಿಲ್ಲಬೇಕೆಂದು ಆಜ್ಞೆ ಮಾಡಿದನು; ಬಿತ್ತನೆಗೆ ಹದವಾದ ದಿನವು ತಪ್ಪಿಹೋದೀತೆಂದು ರೈತರನ್ನು ಮಾತ್ರ ಅದರಿಂದ ಬಿಟ್ಟನು. ಹಬ್ಬದ ಶಾಸನವೊಂದು ಹೊಲದ ಹದಕ್ಕೆ ತಲೆಬಾಗಿದ ಈ ಪ್ರಸಂಗವನ್ನು ಚರಿತ್ರಕಾರರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ಅದಕ್ಕೆ ಅದಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕು.

ಪುನರುತ್ಥಾನದ ಹಬ್ಬದ ದಿನವನ್ನು ಕುರಿತು ಏಷ್ಯಾ ಮೈನರಿನ ಸಭೆಗಳಿಗೂ ರೋಮಿನ ಸಭೆಗೂ ನಡೆದ ಕಲಹವು ದೀರ್ಘವಾದುದು. ಯೆಹೂದ್ಯ ಪಂಚಾಂಗದ ನೀಸಾನ್ ಮಾಸದ ಹದಿನಾಲ್ಕನೆಯ ದಿನವನ್ನು ಹಿಡಿದವರನ್ನು ಬಹಿಷ್ಕರಿಸಲು ರೋಮಿನ ಬಿಷಪ್ ವಿಕ್ಟರನು ಮುಂದಾದಾಗ, ಲಿಯೋನ್ಸಿನ ಐರೇನಿಯಸನು ದಿನಭೇದಕ್ಕಾಗಿ ಸಹವಾಸವನ್ನು ಕಡಿದುಕೊಳ್ಳಬಾರದೆಂದು ಬುದ್ಧಿ ಹೇಳಿದನು. 325ರ ನಿಕೇಯ ಮಹಾಸಭೆಯು ಎಲ್ಲರಿಗೂ ಒಂದೇ ಭಾನುವಾರವನ್ನು ವಿಧಿಸಿತಾದರೂ, 1582ರ ಪಂಚಾಂಗ ಪರಿಷ್ಕರಣದ ಬಳಿಕ ಪೂರ್ವ ಪಶ್ಚಿಮ ಸಭೆಗಳ ಈಸ್ಟರ್ ಮತ್ತೆ ಬೇರೆಬೇರೆ ದಿನಗಳಿಗೆ ಬೀಳತೊಡಗಿದೆ.

ಕ್ರಿಸ್ತಜಯಂತಿಯ ದಿನಾಂಕ: ಎರಡು ಸಿದ್ಧಾಂತಗಳು

ಕ್ರಿಸ್ಮಸ್ ಹಬ್ಬವು ತಡವಾಗಿ ಬಂದುದು. ಮೂರನೆಯ ಶತಮಾನದಲ್ಲಿ ಆರಿಜನ್ ಎಂಬ ಮಹಾಪಂಡಿತನು, ಧರ್ಮಗ್ರಂಥದಲ್ಲಿ ಹುಟ್ಟುಹಬ್ಬವನ್ನು ಆಚರಿಸಿಕೊಂಡವರು ಫರೋಹ, ಹೆರೋದರಂಥ ಪಾಪಿಗಳೇ ಹೊರತು ಸಂತರಲ್ಲ ಎಂದು ಬೋಧಿಸುತ್ತಿದ್ದನು. ಡಿಸೆಂಬರ್ 25ನ್ನು ಕ್ರಿಸ್ತನ ಜನ್ಮದಿನವೆಂದು ಹೇಳುವ ಸ್ಪಷ್ಟ ದಾಖಲೆಯು ನಮಗೆ ದೊರೆಯುವುದು ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗ ಸಂಕಲನದಲ್ಲಿ.

ಆ ದಿನವೇ ಏಕೆ? ಮೊದಲನೆಯ ಸಿದ್ಧಾಂತದ ಪ್ರಕಾರ ಸಭೆಯು ಸೂರ್ಯೋಪಾಸಕರ ಹಬ್ಬವನ್ನು ತನ್ನದಾಗಿಸಿಕೊಂಡಿತು. 274ರಲ್ಲಿ ಔರೇಲಿಯನ್ ಚಕ್ರವರ್ತಿಯು ಅಜೇಯ ಸೂರ್ಯದೇವನಿಗೆ ರೋಮಿನಲ್ಲಿ ಗುಡಿ ಕಟ್ಟಿಸಿದನು. ಉತ್ತರಾಯಣದ ಆರಂಭವೆಂದು ಆಗ ಎಣಿಸುತ್ತಿದ್ದ ಡಿಸೆಂಬರ್ 25 ಆ ದೇವನ ಜನ್ಮದಿನವಾಗಿದ್ದಿತು. ಕ್ರಿಸ್ತನೇ ನಿಜವಾದ ಧರ್ಮಸೂರ್ಯನೆಂದು ಸಾರುವುದಕ್ಕೆ ಅದಕ್ಕಿಂತ ತಕ್ಕ ದಿನ ಬೇರೆ ಇರಲಿಲ್ಲ ಎಂಬುದು ಈ ವಾದ. ಸಿರಿಯಾದ 12ನೆಯ ಶತಮಾನದ ಗ್ರಂಥಕಾರನೊಬ್ಬನ ಹಸ್ತಪ್ರತಿಯ ಅಂಚಿನಲ್ಲಿರುವ ಟಿಪ್ಪಣಿಯೊಂದು ಇದನ್ನೇ ಹೇಳುತ್ತದೆ. ಎರಡನೆಯ ಸಿದ್ಧಾಂತವು ಲೆಕ್ಕಾಚಾರವನ್ನು ಆಧರಿಸಿದುದು. ಫ್ರೆಂಚ್ ವಿದ್ವಾಂಸ ಲೂಯಿ ದುಶೇನ್ 1889ರಲ್ಲಿ ಅದನ್ನು ಮುಂದಿಟ್ಟನು. ಕ್ರಿಸ್ತನು ಶಿಲುಬೆಗೇರಿದ್ದು ಮಾರ್ಚ್ 25ರಂದು ಎಂಬ ಎಣಿಕೆ ಪಶ್ಚಿಮದಲ್ಲಿ ತೆರ್ತುಲ್ಲಿಯನನ ಕಾಲದಿಂದಲೂ ಇದ್ದಿತು. ಪೂರ್ಣಪುರುಷನಾದವನ ಆಯುಷ್ಯವೂ ಪೂರ್ಣ ವರ್ಷಗಳದಾಗಿರಬೇಕು, ಆದುದರಿಂದ ಆತನು ಗರ್ಭಸ್ಥನಾದ ದಿನವೂ ಅದೇ ಆಗಿರಬೇಕೆಂದು ಭಾವಿಸಿ ಒಂಬತ್ತು ತಿಂಗಳು ಕೂಡಿಸಿದರೆ ಡಿಸೆಂಬರ್ 25 ಬರುತ್ತದೆ. ಪೂರ್ವದ ಸಭೆಗಳು ಏಪ್ರಿಲ್ 6ನ್ನು ಹಿಡಿದು ಎಣಿಸಿದುದರಿಂದ ಅವರಿಗೆ ಜನವರಿ 6 ಸಿಕ್ಕಿತು. ಆರ್ಮೇನಿಯದ ಸಭೆಯು ಈಗಲೂ ಅಂದೇ ಕ್ರಿಸ್ತಜನನವನ್ನು ಆಚರಿಸುತ್ತದೆ.

ಮೊದಲನೆಯ ಸಿದ್ಧಾಂತವು ಹಬ್ಬವು ಜನರಲ್ಲಿ ಬೇಗ ಹರಡಿದ ಕಾರಣವನ್ನು ಚೆನ್ನಾಗಿ ವಿವರಿಸುತ್ತದೆ. ಎರಡನೆಯದು ಎರಡು ದಿನಾಂಕಗಳ ಅಸ್ತಿತ್ವವನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಸೂರ್ಯನ ಜನ್ಮದಿನವನ್ನು ಡಿಸೆಂಬರ್ 25ಕ್ಕೆ ಕೊಡುವ ಮೊತ್ತಮೊದಲ ದಾಖಲೆಯು ಯಾವುದೆಂದು ಹುಡುಕಿದರೆ ನಾವು ತಲಪುವುದು ಅದೇ 354ರ ಸಂಕಲನಕ್ಕೆ. ಯಾರು ಯಾರಿಂದ ಪಡೆದರೆಂಬುದನ್ನು ಒಂದೇ ಪುಸ್ತಕದ ಎರಡು ಪುಟಗಳಿಂದ ನಿರ್ಣಯಿಸುವುದು ಅಸಾಧ್ಯ. ಪ್ರತಿ ಡಿಸೆಂಬರಿನಲ್ಲಿಯೂ ಪತ್ರಿಕೆಗಳು ಕ್ರಿಸ್ಮಸ್ ಅನ್ಯಮತೀಯರ ಹಬ್ಬವೆಂದು ಒಂದು ಕಡೆಯಿಂದಲೂ, ಅಲ್ಲವೆಂದು ಇನ್ನೊಂದು ಕಡೆಯಿಂದಲೂ ಸಾರುವುದನ್ನು ಓದುವಾಗ, ಇಬ್ಬರೂ ಹಬ್ಬದ ಅರ್ಥವು ಅದರ ಹುಟ್ಟಿನಲ್ಲಿಯೇ ತೀರ್ಮಾನವಾಗಿಬಿಡುತ್ತದೆಂದು ಭಾವಿಸಿರುವರಲ್ಲಾ ಎಂದು ನನಗೆ ಖೇದವೆನಿಸುತ್ತದೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಹುಲ್ಲು ತುಂಬಿದ ಗೋದಲಿಯನ್ನು ಮಾಡಿಸಿ, ಎತ್ತನ್ನೂ ಕತ್ತೆಯನ್ನೂ ತರಿಸಿ ನಿಲ್ಲಿಸಿದಾಗ ಅಲ್ಲಿ ನೆರೆದ ಹಳ್ಳಿಗರಿಗೆ ಔರೇಲಿಯನನ ಹೆಸರು ಗೊತ್ತಿದ್ದಿರಲಾರದು. ದೇವರು ತಮ್ಮ ಕೊಟ್ಟಿಗೆಯಂಥ ಕೊಟ್ಟಿಗೆಯಲ್ಲಿ ಹುಟ್ಟಿದನೆಂಬುದು ಅವರಿಗೆ ಅಂದು ಕಣ್ಣಿಗೆ ಕಂಡಿತು.

ಸ್ವೀಕಾರದ ಪಂಥ

ನೆಲದ ಆಚಾರಗಳನ್ನು ಅಳಿಸದೆ ಅವುಗಳ ದಿಕ್ಕನ್ನು ತಿರುಗಿಸಬೇಕೆನ್ನುವ ಪಂಥಕ್ಕೆ ಮೂಲಶಾಸನವೆಂದರೆ 601ರಲ್ಲಿ ಪೋಪ್ ಗ್ರೆಗೊರಿಯು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸನಿಗೆ ಬರೆದ ಪತ್ರ. ವಿಗ್ರಹಗಳನ್ನು ತೆಗೆಯಿರಿ, ಗುಡಿಗಳನ್ನು ಉಳಿಸಿರಿ. ದನಗಳನ್ನು ಬಲಿಕೊಡುತ್ತಿದ್ದವರು ಇನ್ನು ಮುಂದೆ ದೇವಾಲಯದ ಸುತ್ತ ಕೊಂಬೆರೆಂಬೆಗಳ ಚಪ್ಪರ ಹಾಕಿ, ಅದೇ ದನಗಳನ್ನು ಕಡಿದು ಉಂಡು ದೇವರಿಗೆ ಕೃತಜ್ಞತೆ ಹೇಳಲಿ. ಎತ್ತರಕ್ಕೆ ಏರುವವನು ಮೆಟ್ಟಲು ಮೆಟ್ಟಲಾಗಿಯೇ ಏರುತ್ತಾನೆ ಎಂಬುದು ಆ ಪತ್ರದ ಸಾರ. ಇದೇ ಗ್ರೆಗೊರಿಯು ಅದಕ್ಕೆ ತುಸು ಮೊದಲು ಕೆಂಟ್ ಪ್ರಾಂತದ ದೊರೆಗೆ ಬರೆದ ಪತ್ರದಲ್ಲಿ ಗುಡಿಗಳನ್ನು ಕೆಡವಬೇಕೆಂದು ಹೇಳಿದ್ದನು. ಒಬ್ಬನೇ ವ್ಯಕ್ತಿಯ ಲೇಖನಿಯಿಂದ ಅಲ್ಪಾವಧಿಯಲ್ಲಿ ಎರಡು ತದ್ವಿರುದ್ಧ ಸಲಹೆಗಳು ಹೊರಟುವೆಂಬುದನ್ನು ನೋಡಿದರೆ ಪ್ರಶ್ನೆಯ ಕಾಠಿಣ್ಯವು ಮನವರಿಕೆಯಾಗುತ್ತದೆ.

ಈ ಪಂಥಕ್ಕೆ ಕಠಿಣ ಪರೀಕ್ಷೆಯು ಬಂದುದು ಏಷ್ಯಾದಲ್ಲಿ. ಚೀನದಲ್ಲಿ ಯೇಸುಸಭೆಯ ಪಾದ್ರಿ ಮತ್ತೆಯೋ ರಿಚ್ಚಿಯು ಪಿತೃಗಳಿಗೂ ಕನ್‌ಫ್ಯೂಷಿಯಸನಿಗೂ ಸಲ್ಲಿಸುವ ಗೌರವವು ಲೌಕಿಕ ಆಚಾರವೆಂದು ವಾದಿಸಿದನು. 1606ರಲ್ಲಿ ಮಧುರೆಗೆ ಬಂದ ಅದೇ ಸಭೆಯ ರಾಬರ್ಟ್ ಡಿ ನೊಬಿಲಿಯು ಕಾವಿಯುಟ್ಟು, ಸಸ್ಯಾಹಾರಿಯಾಗಿ, ಸಂಸ್ಕೃತ ತಮಿಳುಗಳನ್ನು ಕಲಿತು, ಜನಿವಾರ, ಶಿಖೆ, ಗಂಧಗಳು ಕುಲಮರ್ಯಾದೆಯ ಚಿಹ್ನೆಗಳೇ ಹೊರತು ಮತಚಿಹ್ನೆಗಳಲ್ಲವೆಂದು ಪ್ರತಿಪಾದಿಸಿದನು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿಯು ಅವುಗಳಿಗೆ ಷರತ್ತುಗಳೊಡನೆ ಅನುಮತಿಯಿತ್ತನು. ಆ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಪಾದ್ರಿಗಳು ಮೈಸೂರು ಸೀಮೆಯಲ್ಲಿ ಹಿಡಿದುದೂ ಇದೇ ದಾರಿಯನ್ನು. ಆದರೆ 1742ರಲ್ಲಿ ಚೀನದ ಆಚಾರಗಳ ಮೇಲೂ, 1744ರಲ್ಲಿ ದಕ್ಷಿಣ ಭಾರತದ ಆಚಾರಗಳ ಮೇಲೂ ರೋಮು ನಿರ್ಬಂಧ ಹೇರಿತು. ಚೀನದ ನಿರ್ಬಂಧವು 1939ರವರೆಗೂ ಸಡಿಲಲಿಲ್ಲ. ಗೋವೆಯ ಧರ್ಮವಿಚಾರಣಾ ನ್ಯಾಯಾಲಯವಂತೂ 1736ರ ಆಜ್ಞೆಯಲ್ಲಿ ಮದುವೆಯ ವಾದ್ಯ, ವೀಳ್ಯ, ಅರಿಶಿನಗಳಿಂದ ಹಿಡಿದು ಹಿತ್ತಲಿನ ತುಳಸಿಯವರೆಗೆ, ಉಪ್ಪು ಹಾಕದೆ ಅನ್ನ ಬೇಯಿಸುವವರೆಗೆ ಎಲ್ಲವನ್ನೂ ಅಪರಾಧವೆಂದು ಸಾರಿತು. ಅನ್ನದ ಉಪ್ಪಿನಲ್ಲಿಯೂ ಧರ್ಮಾಧರ್ಮವನ್ನು ಕಂಡ ಈ ಕ್ರೌರ್ಯದಲ್ಲಿ ಒಂದು ದುರದೃಷ್ಟದ ಸತ್ಯವಡಗಿದೆ: ಬರಿಯ ದಿನದ ಆಚಾರಕ್ಕೆ ಧಾರ್ಮಿಕ ಅರ್ಥವಿಲ್ಲವೆಂದು ಆ ನ್ಯಾಯಾಧಿಪತಿಗಳು ಎಂದೂ ಭಾವಿಸಿರಲಿಲ್ಲ.

ಲೌಕಿಕ, ಧಾರ್ಮಿಕ ಎಂಬ ಈ ವಿಭಜನೆಯೇ ಸ್ವೀಕಾರ ಪಂಥದ ಬಲವೂ ದೌರ್ಬಲ್ಯವೂ ಆಗಿದೆ. ಅದರಿಂದಾಗಿ ಮತಾಂತರ ಹೊಂದಿದವನು ತನ್ನ ನೆರೆಹೊರೆಯನ್ನು ಕಳೆದುಕೊಳ್ಳದೆ ಉಳಿಯಬಲ್ಲನು. ಆದರೆ ಮಧುರೆಯ ಗೃಹಸ್ಥನಿಗಾಗಲಿ ಚೀನದ ಹಳ್ಳಿಗನಿಗಾಗಲಿ ಆ ವಿಭಜನೆಯು ಅರ್ಥವಾಗುತ್ತಿತ್ತೇ? ತನ್ನ ತಂದೆಯ ಸಮಾಧಿಯ ಮುಂದೆ ಧೂಪ ಹಾಕುವವನು ಅದರಲ್ಲಿ ಲೌಕಿಕವೆಷ್ಟು, ಅಲೌಕಿಕವೆಷ್ಟು ಎಂದು ಅಳೆಯುವುದಿಲ್ಲ.

ಹಬ್ಬಗಳನ್ನು ತೊರೆದವರು

ಹದಿನಾರನೆಯ ಶತಮಾನದ ಸುಧಾರಕರು ಪೌಲನು ಗಲಾತ್ಯದವರಿಗೆ ಬರೆದ ಪತ್ರವನ್ನು ಮತ್ತೆ ಕೈಗೆತ್ತಿಕೊಂಡರು. 1520ರಲ್ಲಿ ಮಾರ್ಟಿನ್ ಲೂಥರನು ಜರ್ಮನ್ ಪ್ರಭುಗಳಿಗೆ ಬರೆದ ಮನವಿಯಲ್ಲಿ, ಸಂತರ ಹಬ್ಬಗಳು ಕುಡಿತ, ಜೂಜು, ಸೋಮಾರಿತನಗಳಿಗೆ ಎಡೆಮಾಡಿರುವುದರಿಂದ ಭಾನುವಾರವೊಂದನ್ನೇ ಉಳಿಸಿಕೊಳ್ಳುವುದು ಲೇಸೆಂದನು. ಮುಂದೆ ಆತನ ಅನುಯಾಯಿಗಳು ಕ್ರಿಸ್ಮಸ್ ಈಸ್ಟರ್‌ಗಳನ್ನು ಪ್ರೀತಿಯಿಂದಲೇ ಇಟ್ಟುಕೊಂಡರು. ಸ್ವಿಟ್ಜರ್ಲೆಂಡಿನ 1566ರ ವಿಶ್ವಾಸಪ್ರಕಟನೆಯು ಕ್ರಿಸ್ತನ ಜನನ, ಮರಣ, ಪುನರುತ್ಥಾನಗಳ ಸ್ಮರಣೆಯನ್ನು ಸಭೆಗಳು ತಮ್ಮ ಸ್ವಾತಂತ್ರ್ಯದಿಂದ ಆಚರಿಸಿದರೆ ಅದು ಮೆಚ್ಚತಕ್ಕದ್ದೇ ಎಂದು ಮಧ್ಯಮಾರ್ಗವನ್ನು ಹಿಡಿಯಿತು. ಸ್ಕಾಟ್ಲೆಂಡಿನಲ್ಲಿ ಮಾತ್ರ 1560ರಲ್ಲಿ ಕಿತ್ತುಹಾಕಿದ ಕ್ರಿಸ್ಮಸ್ ಸಾರ್ವಜನಿಕ ರಜಾದಿನವಾಗಿ ಮರಳಿದುದು 1958ರಲ್ಲಿ.

ಇಂಗ್ಲೆಂಡಿನ ಪ್ಯೂರಿಟನ್ ಸಂಸತ್ತು 1647ರಲ್ಲಿ ಕ್ರಿಸ್ಮಸ್, ಈಸ್ಟರ್ ಮೊದಲಾದ ಹಬ್ಬಗಳನ್ನು ರದ್ದುಪಡಿಸಿತು. ಹಬ್ಬಗಳು ಹೋದುವೆಂದರೆ ಆಳುಗಳಿಗೂ ಕೆಲಸ ಕಲಿಯುವ ಹುಡುಗರಿಗೂ ಇದ್ದ ವಿರಾಮವೂ ಹೋಯಿತಷ್ಟೆ; ಆದುದರಿಂದ ಅದೇ ಶಾಸನದಲ್ಲಿ ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ಅವರ ಬಿಡುವಿನ ದಿನವೆಂದು ಗೊತ್ತುಮಾಡಬೇಕಾಯಿತು. ಪವಿತ್ರದಿನಗಳನ್ನು ದೈವಶಾಸ್ತ್ರದ ಬಲದಿಂದ ಅಳಿಸಬಹುದು, ದಣಿದ ಮೈಗೆ ಬೇಕಾದ ದಿನವನ್ನು ಅಳಿಸಲಾಗದು ಎಂಬುದನ್ನು ಆ ಸಂಸತ್ತು ತನ್ನ ಕೈಯಿಂದಲೇ ದಾಖಲುಮಾಡಿತು. ಆ ವರ್ಷದ ಕ್ರಿಸ್ಮಸ್ ದಿನ ಅಂಗಡಿ ತೆರೆಯಬೇಕೆಂಬ ಆಜ್ಞೆಯನ್ನು ವಿರೋಧಿಸಿ ಕ್ಯಾಂಟರ್‌ಬರಿಯಲ್ಲಿ ದಂಗೆಯೇ ನಡೆಯಿತು. ಅಟ್ಲಾಂಟಿಕ್ಕಿನ ಆಚೆ ಮ್ಯಾಸಚೂಸೆಟ್ಸ್ ವಸಾಹತು 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡ ವಿಧಿಸಿತು.

ಕ್ವೇಕರರ ಪಂಗಡವು ಎಲ್ಲರಿಗಿಂತ ಮುಂದೆ ಹೋಯಿತು. ವಾರಗಳಿಗೂ ಮಾಸಗಳಿಗೂ ದೇವತೆಗಳ ಹೆಸರಿರುವುದನ್ನು ಸಹಿಸದೆ ಅವರು ಮೊದಲನೆಯ ದಿನ, ಎರಡನೆಯ ತಿಂಗಳು ಎಂದು ಎಣಿಸತೊಡಗಿದರು. ಎಲ್ಲ ದಿನಗಳೂ ಪವಿತ್ರವಾದುದರಿಂದ ಯಾವ ದಿನವೂ ವಿಶೇಷವಲ್ಲವೆಂದರು. ಇದು ನಿರಾಕರಣೆಯಂತೆ ತೋರಿದರೂ ಅತ್ಯಂತ ಮಹತ್ವಾಕಾಂಕ್ಷೆಯ ಧರ್ಮಸಾಧನೆ. ಜನವರಿಯಿಂದ ಡಿಸೆಂಬರಿನವರೆಗೆ ಹಬ್ಬದ ಎಚ್ಚರದಲ್ಲಿಯೇ ಬದುಕಬೇಕೆಂದು ಕೇಳುವ ಧರ್ಮವನ್ನು ಎಷ್ಟು ಮಂದಿ ಎಷ್ಟು ತಲೆಮಾರುಗಳ ಕಾಲ ಹೊರಬಲ್ಲರು ಎಂಬುದೇ ಅದನ್ನು ಕುರಿತು ಕೇಳಬೇಕಾದ ಪ್ರಶ್ನೆ.

ಅಡುಗೆಮನೆ, ತೊಟ್ಟಿಲು, ಕಾರ್ಖಾನೆ

ಬರಿಯ ದಿನದ ಪಾವಿತ್ರ್ಯವನ್ನು ಕಂಡುಕೊಂಡವರು ಸುಧಾರಕರೇ ಮೊದಲಿಗರೆಂಬ ಮಾತು ಬಳಕೆಯಲ್ಲಿದೆ, ಅದು ಅರ್ಧಸತ್ಯ. ಆರನೆಯ ಶತಮಾನದಲ್ಲಿಯೇ ಸಂತ ಬೆನೆಡಿಕ್ಟನ ಮಠನಿಯಮವು, ಉಗ್ರಾಣದ ಅಧಿಕಾರಿಯು ಮಠದ ಪಾತ್ರೆಪಡಗಗಳನ್ನೂ ಸಲಕರಣೆಗಳನ್ನೂ ಬಲಿಪೀಠದ ಪವಿತ್ರ ಪಾತ್ರೆಗಳಂತೆಯೇ ನೋಡಿಕೊಳ್ಳತಕ್ಕದ್ದೆಂದು ವಿಧಿಸಿದೆ. ಲೂಥರನು ಮಾಡಿದ್ದೇನೆಂದರೆ ಆ ದೃಷ್ಟಿಯನ್ನು ಮಠದ ಗೋಡೆಯಿಂದ ಹೊರಕ್ಕೆ ತಂದದ್ದು. 1522ರಲ್ಲಿ ವಿವಾಹಜೀವನವನ್ನು ಕುರಿತು ಬರೆಯುತ್ತ, ಮಗುವಿನ ಬಟ್ಟೆ ಒಗೆಯುವ ತಂದೆಯನ್ನು ಕಂಡು ನೆರೆಯವರು ನಕ್ಕಾರು, ಆದರೆ ಅವನು ವಿಶ್ವಾಸದಿಂದ ಅದನ್ನು ಮಾಡುತ್ತಿದ್ದರೆ ದೇವರೂ ದೇವದೂತರೂ ಸಂತೋಷದಿಂದ ನಗುತ್ತಾರೆಂದನು. ಸಂನ್ಯಾಸಿಯ ಕರೆಯಷ್ಟೇ ಚಮ್ಮಾರನ ಕರೆಯೂ ದೈವಿಕವೆಂಬ ಈ ಬೋಧನೆಯನ್ನು ಓದುವಾಗ ಕನ್ನಡಿಗರಿಗೆ ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವವು ನೆನಪಾಗುವುದು ಸಹಜ. ಅವೆರಡರ ನಡುವೆ ಸಾಮ್ಯವಿದೆ. ಆದರೆ ಲೂಥರನು ದುಡಿಮೆಯಿಂದ ಮುಕ್ತಿ ಲಭಿಸುವುದೆಂಬುದನ್ನು ಖಂಡತುಂಡವಾಗಿ ನಿರಾಕರಿಸಿದನೆಂಬುದನ್ನು ಮರೆತು ಎರಡನ್ನೂ ಒಂದೇ ಎನ್ನುವುದು ಇಬ್ಬರಿಗೂ ಅನ್ಯಾಯ.

ಕಥೋಲಿಕ ಪರಂಪರೆಯಲ್ಲಿ ಇದಕ್ಕೆ ಉಜ್ಜ್ವಲ ನಿದರ್ಶನನಾದವನು ಸಹೋದರ ಲಾರೆನ್ಸ್. ಲೊರೇನ್ ಪ್ರಾಂತದ ನಿಕೊಲಾ ಎರ್ಮನ್ ಎಂಬ ಈತನು ಸೈನಿಕನಾಗಿ ಗಾಯಗೊಂಡು, ಕೊನೆಗೆ ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿ, ಅಲ್ಲಿ ವರ್ಷಗಟ್ಟಲೆ ಅಡುಗೆಯವನಾಗಿಯೂ ಅನಂತರ ಪಾದರಕ್ಷೆ ರಿಪೇರಿ ಮಾಡುವವನಾಗಿಯೂ ದುಡಿದು 1691ರಲ್ಲಿ ತೀರಿಕೊಂಡನು. ಅಡುಗೆಕೆಲಸವೆಂದರೆ ಆತನಿಗೆ ಸ್ವಭಾವತಃ ಬೇಸರವಾಗಿತ್ತೆಂದು ಆತನ ಸಂಭಾಷಣೆಗಳನ್ನು ಬರೆದಿಟ್ಟವರು ಹೇಳಿದ್ದಾರೆ. ಆದರೂ ಪ್ರಾರ್ಥನೆಯ ಸಮಯವೆಂದೂ ಕೆಲಸದ ಸಮಯವೆಂದೂ ತನಗೆ ಭೇದವಿಲ್ಲದಂತಾಗುವವರೆಗೆ ಆತನು ಒಲೆಯ ಮುಂದೆಯೇ ದೇವರ ಸಾನ್ನಿಧ್ಯವನ್ನು ರೂಢಿಸಿಕೊಂಡನು. ಬೇಸರದ ಕೆಲಸವನ್ನು ಪ್ರೀತಿಯ ಕೆಲಸವನ್ನಾಗಿ ಮಾಡಿದ ಈ ದೀರ್ಘಾಭ್ಯಾಸವು ಲೂಥರನ ಸಿದ್ಧಾಂತಕ್ಕಿಂತ ನನಗೆ ಹೆಚ್ಚು ಮನವೊಪ್ಪುವುದಾಗಿ ಕಂಡಿದೆ. ಸಿದ್ಧಾಂತವು ಕೆಲಸಕ್ಕೆ ಗೌರವ ಕೊಡುತ್ತದೆ, ಅಭ್ಯಾಸವು ಕೆಲಸ ಮಾಡುವವನ ದಣಿವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು ಲೂಥರನ ಪರಂಪರೆಯಲ್ಲಿ ಬೆಳೆದ ಜರ್ಮನ್ ಭಕ್ತಿಪಂಥದ ಮಕ್ಕಳು. ಜಾತಿಯನ್ನೂ ಅದರೊಡನೆ ಕುಲಕಸುಬನ್ನೂ ಕಳೆದುಕೊಂಡು ಬಂದವರಿಗೆ ಜೀವನೋಪಾಯ ಒದಗಿಸಲು ಅವರು ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ಗಂಟೆಗೆ ಸರಿಯಾಗಿ ಬರುವುದು, ಲೆಕ್ಕ ತಪ್ಪದಿರುವುದು, ಹೆಂಚು ಬಿರುಕಿಲ್ಲದೆ ಸುಡುವುದು ಇವೆಲ್ಲವೂ ಅವರ ದೃಷ್ಟಿಯಲ್ಲಿ ಧರ್ಮಶಿಕ್ಷಣದ ಭಾಗವೇ ಆಗಿದ್ದುವು. ಊರಹಬ್ಬಗಳ ವಿಷಯದಲ್ಲಿ ಕಟುವಾಗಿದ್ದ ಈ ಪಾದ್ರಿಗಳು ಊರಿನ ಭಾಷೆಗೆ ತಮ್ಮ ಆಯುಷ್ಯವನ್ನೇ ತೆತ್ತರೆಂಬುದನ್ನು 1843ರ ‘ಮಂಗಳೂರ ಸಮಾಚಾರ’ವೂ 1894ರ ಕಿಟ್ಟೆಲ್ ನಿಘಂಟೂ ಸಾರುತ್ತವೆ.

ಪೂರ್ವ ಸಭೆಯ ದೃಷ್ಟಿಯನ್ನು ಇಲ್ಲಿ ಸೇರಿಸದಿದ್ದರೆ ನಕ್ಷೆಯು ಅಪೂರ್ಣವಾಗುತ್ತದೆ. ರಷ್ಯದ ಮೂಲದ ದೈವಶಾಸ್ತ್ರಜ್ಞ ಅಲೆಕ್ಸಾಂಡರ್ ಶ್ಮೇಮನ್ 1963ರಲ್ಲಿ ಬರೆದ ಕಿರುಗ್ರಂಥವೊಂದರಲ್ಲಿ, ಪವಿತ್ರ ಲೌಕಿಕ ಎಂಬ ವಿಭಾಗವೇ ಮನುಷ್ಯನ ಪತನದ ಫಲವೆಂದೂ, ಲೋಕವನ್ನೆಲ್ಲ ಕೃತಜ್ಞತೆಯಿಂದ ದೇವರಿಗೆ ಎತ್ತಿ ಹಿಡಿಯುವ ಪುರೋಹಿತನಾಗಿಯೇ ಮನುಷ್ಯನು ಸೃಷ್ಟಿಯಾದನೆಂದೂ ವಾದಿಸಿದನು. ಈ ವಾದವು ಹಬ್ಬವನ್ನೂ ಉಳಿಸುತ್ತದೆ, ಬರಿಯ ದಿನವನ್ನೂ ಎತ್ತುತ್ತದೆ. ದುಡಿಮೆಯ ನ್ಯಾಯಾನ್ಯಾಯಗಳನ್ನು ಕುರಿತು ಮಾತ್ರ ಅದು ಹೆಚ್ಚೇನನ್ನೂ ಹೇಳುವುದಿಲ್ಲ.

ಕರಾವಳಿಯ ತೆನೆಹಬ್ಬ

ಸಿದ್ಧಾಂತಗಳನ್ನು ಬದಿಗಿಟ್ಟು ಒಂದು ಆಚರಣೆಯನ್ನು ಸಮೀಪದಿಂದ ನೋಡೋಣ. ಸೆಪ್ಟೆಂಬರ್ 8 ಕಥೋಲಿಕ ಪಂಚಾಂಗದಲ್ಲಿ ಕನ್ಯಾಮರಿಯಮ್ಮನವರ ಜನ್ಮದಿನ. ಕೆನರಾ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದು ಮೊಂತಿಹಬ್ಬ. ಊರವರ ಬಾಯಲ್ಲಿ ತೆನೆಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹಿತ್ತಲಲ್ಲಿ, ಗದ್ದೆಯ ಬದುವಿನಲ್ಲಿ ಸಿಕ್ಕಿದ ಹೂಗಳನ್ನು ತಟ್ಟೆಯಲ್ಲಿ ತುಂಬಿ ತಂದು ಇಗರ್ಜಿಯಲ್ಲಿ ಬಾಲಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ಬೆಳಗ್ಗೆ ಹೊಸ ಬತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸುತ್ತಾರೆ. ಬಲಿಪೂಜೆಯ ಬಳಿಕ ಪ್ರತಿ ಕುಟುಂಬಕ್ಕೂ ತೆನೆ ಸಿಗುತ್ತದೆ, ಮಕ್ಕಳ ಕೈಗೆ ಕಬ್ಬು. ಮನೆಗೆ ತಂದ ತೆನೆಯನ್ನು ಪೀಠದ ಮುಂದಿಟ್ಟು ಪ್ರಾರ್ಥಿಸಿ, ಅದರ ಕಾಳನ್ನು ಸುಲಿದು ಪುಡಿಮಾಡಿ ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮೀನು ಮಾಂಸಗಳಿಲ್ಲದೆ ಔತಣವಿಲ್ಲವೆನ್ನುವ ಮನೆಗಳಲ್ಲಿಯೂ ಅಂದು ಬಾಳೆಯೆಲೆಯ ಮೇಲೆ ಬರಿಯ ತರಕಾರಿಯ ಊಟ. ಪಲ್ಯ ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು. ಮುಂಬಯಿಯಲ್ಲಿಯೋ ಕೊಲ್ಲಿರಾಷ್ಟ್ರಗಳಲ್ಲಿಯೋ ಇರುವ ಮಗನಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುವುದುಂಟು.

ಈ ಹಬ್ಬವನ್ನು ಯಾವ ಪಂಥದ ಲೆಕ್ಕಕ್ಕೆ ಸೇರಿಸುವುದು? ಹೊಸಕ್ಕಿ ಊಟವು ಆ ನೆಲದಲ್ಲಿ ಎಲ್ಲ ಜಾತಿಗಳವರ ಆಚಾರವೆಂಬುದು ನಿಸ್ಸಂದೇಹ. ಸ್ವೀಕಾರ ಪಂಥದವರು ಇದನ್ನು ತಮ್ಮ ಗೆಲುವೆನ್ನುವರು. ಆದರೆ ಇಲ್ಲಿ ಮೇಲಿನವರ ಯೋಜನೆಗಿಂತ, ಗದ್ದೆ ಬೇಸಾಯ ಮಾಡುತ್ತಿದ್ದ ಮನೆಗಳ ಅಗತ್ಯವೇ ಹೆಚ್ಚಾಗಿ ಕೆಲಸಮಾಡಿದೆಯೆಂದು ನನ್ನ ಭಾವನೆ. ಮಳೆಗಾಲವೆಲ್ಲ ಕೆಸರಿನಲ್ಲಿ ನಿಂತು ಬೆಳೆದ ಪೈರಿನ ಮೊದಲ ಕಾಳನ್ನು ದೇವರಿಗೆ ತೋರಿಸದೆ ಉಣ್ಣಲು ಮನಸ್ಸು ಬಾರದವರು, ತಾಯಿಯೊಬ್ಬಳ ಹುಟ್ಟುಹಬ್ಬದಲ್ಲಿ ಅದಕ್ಕೆ ಎಡೆ ಕಂಡುಕೊಂಡರು. ಇಂಗ್ಲೆಂಡಿನಲ್ಲಿ 1843ರಲ್ಲಿ ಮಾರ್ವೆನ್‌ಸ್ಟೋ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರನು ಹೊಸ ಗೋಧಿಯ ರೊಟ್ಟಿಯಿಂದ ಆರಂಭಿಸಿದ ಸುಗ್ಗಿಯ ಕೃತಜ್ಞತಾರಾಧನೆಯೂ ಅದೇ ಜಾತಿಯ ಹಂಬಲದಿಂದ ಹುಟ್ಟಿದುದು. ಹಬ್ಬಗಳನ್ನು ಕಡಿಮೆಮಾಡಿದ ಪ್ರಾಟೆಸ್ಟಂಟ್ ಸಭೆಗಳು ನಮ್ಮ ನಾಡಿನಲ್ಲಿಯೂ ಬೆಳೆಹಬ್ಬವನ್ನು ಬಿಡದಿರುವುದಕ್ಕೆ ಕಾರಣ ಬೇರೆ ಹುಡುಕಬೇಕಾಗಿಲ್ಲ.

ಯಾರ ಸಂಸ್ಕೃತಿ, ಯಾರ ಹಬ್ಬ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಆರಾಧನಾ ಶಾಸನವು ಸ್ವೀಕಾರ ಪಂಥಕ್ಕೆ ಮತ್ತೆ ಬಾಗಿಲು ತೆರೆಯಿತು. ಅದರ ಬೆನ್ನಿಗೆ 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರದಿಂದ ಡಿ. ಎಸ್. ಅಮಲೋರ್‌ಪವದಾಸರ ನೇತೃತ್ವದಲ್ಲಿ ಆರತಿ, ಎಣ್ಣೆದೀಪ, ಅಂಜಲಿ, ನೆಲದ ಮೇಲೆ ಕುಳಿತು ಪೂಜೆ ಮೊದಲಾದ ಹನ್ನೆರಡು ಅಂಶಗಳ ಪದ್ಧತಿಯು ಹೊರಟು 1969ರಲ್ಲಿ ರೋಮಿನ ಸಮ್ಮತಿ ಪಡೆಯಿತು. ಸಂಪ್ರದಾಯವಾದಿಗಳು ಇದನ್ನು ವಿರೋಧಿಸಿದುದು ನಿರೀಕ್ಷಿತವೇ. ಹೆಚ್ಚು ಆಳವಾದ ಆಕ್ಷೇಪವು ಬಂದುದು ಬೇರೊಂದು ದಿಕ್ಕಿನಿಂದ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲರು ಮಾಡಿದ ಉಪನ್ಯಾಸದಿಂದ ಮೊದಲ್ಗೊಂಡು ದಲಿತ ದೈವಶಾಸ್ತ್ರಜ್ಞರು ಕೇಳಿದ ಪ್ರಶ್ನೆಯು ಸರಳವಾದುದು: ಭಾರತೀಯ ಸಂಸ್ಕೃತಿಯೆಂದು ನೀವು ಬಲಿಪೀಠಕ್ಕೆ ತಂದುದು ಯಾರ ಸಂಸ್ಕೃತಿ? ಭಾರತದ ಕ್ರೈಸ್ತರಲ್ಲಿ ಬಹುಸಂಖ್ಯಾತರು ಆರತಿಯ ತಟ್ಟೆ ಮುಟ್ಟಲು ಎಡೆಯಿಲ್ಲದ ಕೇರಿಗಳಿಂದ ಬಂದವರಾಗಿರುವಾಗ, ಅವರು ಬಿಟ್ಟುಬಂದ ಗುಡಿಯ ಚಿಹ್ನೆಗಳನ್ನೇ ಅವರಿಗೆ ಮರಳಿ ಕೊಡುವುದು ಸ್ವೀಕಾರವೇ ಅಥವಾ ಹಳೆಯ ಶ್ರೇಣಿಯ ಪುನಃಸ್ಥಾಪನೆಯೇ? ಡಿ ನೊಬಿಲಿಯ ಜನಿವಾರದ ವಾದದಲ್ಲಿಯೇ ಅಡಗಿದ್ದ ಈ ಪ್ರಶ್ನೆಯನ್ನು ಮುನ್ನೂರೈವತ್ತು ವರ್ಷಗಳ ಕಾಲ ಯಾರೂ ಇಷ್ಟು ನೇರವಾಗಿ ಕೇಳಲಿಲ್ಲ. ಡೋಲಿನ ದನಿಯನ್ನೂ ಕೂಲಿಯ ನೋವನ್ನೂ ಆರಾಧನೆಗೆ ತರಬೇಕೆಂಬ ಅವರ ಬೇಡಿಕೆಯು ಬರಿಯ ದಿನವನ್ನು ಹಬ್ಬದೊಳಕ್ಕೆ ಕರೆಯುತ್ತದೆ. ಈ ಸಮೀಕ್ಷೆಯಲ್ಲಿ ಬಂದ ಪಂಥಗಳಲ್ಲಿ ನನ್ನ ಮನಸ್ಸು ಹೆಚ್ಚಾಗಿ ವಾಲುವುದು ಇತ್ತ ಕಡೆಗೇ.

ಇತ್ಯರ್ಥವಾಗದೆ ಉಳಿದ ವಿಷಯಗಳು

ಆಚಾರವೊಂದು ಸ್ವೀಕಾರಾರ್ಹವೋ ಅಲ್ಲವೋ ಎಂದು ನಿರ್ಣಯಿಸುವ ಅಧಿಕಾರವು ಯಾರಿಗೆ ಸೇರಿದುದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಮಧುರೆಯ ಶಿಖೆಯನ್ನೂ ಚೀನದ ಧೂಪವನ್ನೂ ಕುರಿತು ರೋಮು ತೀರ್ಪಿತ್ತಿತು. ತೆನೆಯನ್ನು ಕುರಿತು ರೈತಾಪಿ ಮನೆಗಳು ತಾವೇ ತೀರ್ಮಾನಿಸಿಕೊಂಡುವು. ಎರಡನೆಯ ದಾರಿಯು ಹೆಚ್ಚು ಬಾಳಿಕೆ ಬಂದಿದೆಯಾದರೂ, ಮನೆಗಳ ತೀರ್ಮಾನದೊಳಗೆ ಜಾತಿಯ ಮರ್ಯಾದೆಗಳೂ ನುಸುಳಿ ಉಳಿಯುವುದುಂಟಾದ್ದರಿಂದ ಅದನ್ನು ಪ್ರಶ್ನಾತೀತವೆನ್ನುವಂತಿಲ್ಲ.

ದಿನದ ಪ್ರಶ್ನೆಯೂ ಹೊಸ ರೂಪದಲ್ಲಿ ಮರಳಿದೆ. ಶುಕ್ರವಾರವೇ ವಾರದ ರಜೆಯಾಗಿರುವ ಕೊಲ್ಲಿಯ ಹಲವು ದೇಶಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಕ್ರೈಸ್ತರು ಶುಕ್ರವಾರದ ಆರಾಧನೆಗೆ ಸೇರುತ್ತಾರೆ. ಆಸ್ಪತ್ರೆಯ ದಾದಿಯರಿಗೆ ಪಾಳಿಯು ಬಿಟ್ಟ ದಿನವೇ ಭಾನುವಾರ. ಪುನರುತ್ಥಾನದ ದಿನವೆಂಬ ಅರ್ಥವು ದಿನಕ್ಕೆ ಅಂಟಿಕೊಂಡಿದೆಯೋ ಸಭೆ ಸೇರುವುದಕ್ಕೆ ಅಂಟಿಕೊಂಡಿದೆಯೋ ಎಂಬುದನ್ನು ಜಸ್ಟಿನನ ಕಾಲಕ್ಕಿಂತ ಇವರು ಹೆಚ್ಚು ಗಂಭೀರವಾಗಿ ಎದುರಿಸುತ್ತಿದ್ದಾರೆ. ಇನ್ನು ಕ್ರಿಸ್ಮಸ್ಸನ್ನು ಅಂಗಡಿಗಳು ತಿಂಗಳಿಗೆ ಮುಂಚೆಯೇ ವಶಪಡಿಸಿಕೊಂಡಿರುವ ಕಾಲದಲ್ಲಿ, ಹಬ್ಬಕ್ಕೆ ಮುಂಚಿನ ಆಗಮನ ಕಾಲದ ಸಂಯಮವನ್ನು ಮನೆಗಳಲ್ಲಿ ಉಳಿಸುವುದು ಹೇಗೆಂಬುದಕ್ಕೆ ಯಾವ ಸಭೆಯೂ ತೃಪ್ತಿಕರವಾದ ಉತ್ತರ ಕಂಡುಕೊಂಡಿಲ್ಲ.

ದುಡಿಮೆಯನ್ನು ಪವಿತ್ರವೆನ್ನುವ ವಾದವು ಎಲ್ಲಿ ನಿಲ್ಲಬೇಕೆಂಬುದೂ ಅಸ್ಪಷ್ಟವಾಗಿಯೇ ಇದೆ. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದಾಗ, ದುಡಿಮೆಗೆ ಸಂದ ಗೌರವವೆಂದು ಕೆಲವರೂ, ಕಾರ್ಮಿಕ ಚಳವಳಿಗೆ ಒಡ್ಡಿದ ಅಡ್ಡಗೋಡೆಯೆಂದು ಕೆಲವರೂ ಅದನ್ನು ಅರ್ಥೈಸಿದರು. ಎರಡೂ ವ್ಯಾಖ್ಯಾನಗಳು ಇಂದಿಗೂ ಜೀವಂತವಾಗಿವೆ. ಕೆಲಸವೇ ದೇವರ ಕರೆಯೆಂದ ಮೇಲೆ ಹೀನಕೂಲಿಯ ಕೆಲಸವನ್ನು ತಾಳ್ಮೆಯಿಂದ ಮಾಡೆಂದು ಉಪದೇಶಿಸುವುದು ಸುಲಭವಾಗಿಬಿಡುತ್ತದೆ, ಹಾಗೆ ಉಪದೇಶಿಸಿದವರೂ ಉಂಟು.

ಮನೆಯೊಳಗಣ ದುಡಿಮೆಯನ್ನು ಕುರಿತಂತೂ ಚರ್ಚೆಯು ಆರಂಭವಾದುದೇ ಈಚೆಗೆ. ಮೊಂತಿಹಬ್ಬದ ಬೆಸಸಂಖ್ಯೆಯ ಪದಾರ್ಥಗಳನ್ನು ಮಾಡುವವರು, ಕ್ರಿಸ್ಮಸ್ಸಿನ ಕುಸ್ವಾರ್ ಎಂಬ ತಿಂಡಿಗಳಿಗಾಗಿ ವಾರವೆಲ್ಲ ಕೂತು ನೆವ್ರಿ ಮಡಚಿ ಕಿಡಿಯೊ ಹೊಸೆದು ಕರಿದು, ನೆರೆಯ ಹಿಂದೂ ಮುಸಲ್ಮಾನ ಮನೆಗಳಿಗೂ ತಟ್ಟೆ ತುಂಬಿಸಿ ಕಳುಹಿಸುವವರು ಸಾಮಾನ್ಯವಾಗಿ ಹೆಂಗಸರು. ಹಬ್ಬವು ದುಡಿಮೆಗೆ ವಿರಾಮವೆಂದು ಹೇಳುವ ಸಿದ್ಧಾಂತಗಳು ಅವರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಹಬ್ಬದಂದು ಅವರ ದುಡಿಮೆ ಇಮ್ಮಡಿಯಾಗುತ್ತದೆ. ದುಡಿಮೆಯೇ ಆರಾಧನೆಯೆಂದು ಹೇಳುವ ಸಿದ್ಧಾಂತಗಳನ್ನು ಬರೆದವರಲ್ಲಿ ಹೆಚ್ಚಿನವರು, ಸಹೋದರ ಲಾರೆನ್ಸನನ್ನು ಬಿಟ್ಟರೆ, ಒಲೆಯ ಮುಂದೆ ನಿಂತವರಲ್ಲ. ಆ ಕೆಲಸದಲ್ಲಿ ತಮಗೆ ಕಾಣುವ ಅರ್ಥವೇನು, ಕಾಣದಿರುವುದೇನು ಎಂಬುದನ್ನು ಆ ಹೆಂಗಸರೇ ಬರೆದು ಈ ಚರ್ಚೆಗೆ ಸೇರಿಸುವವರೆಗೆ ನಕ್ಷೆಯ ಆ ಭಾಗವನ್ನು ಬೇರೆಯವರು ತುಂಬುವಂತಿಲ್ಲ.